ಮಾತಿಲ್ಲ ಎಂದರೆ ಹೇಳಲು ಏನೂ ಇಲ್ಲ ಎಂದಲ್ಲ

ಕಲಬುರಗಿ, ಬೀದರ್‌ನ ವಾಟ್ಸಾಪ್ ಗುಂಪುಗಳಲ್ಲಿ ‘ಆಟಿಸಂ ಮಕ್ಕಳಿಗೆ ತಮ್ಮ ಬಗ್ಗೆ ಹೇಳಲು ಬರದು, ಪಾಲಕರನ್ನೇ ಕೇಳಿ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಆಟಿಸಂ ಎಂದರೆ ಮಾತುಕತೆ, ಬೆರೆಯುವಿಕೆ, ಸದ್ದು-ಸ್ಪರ್ಶದ ಅನುಭವ ಬೇರೆ ರೀತಿ ಇರುವ ಬೆಳವಣಿಗೆಯ ಸ್ಥಿತಿ. ಮಾತು ಬಾರದ ಅನೇಕರು ಬರೆದು, ಟೈಪ್ ಮಾಡಿ, ಚಿತ್ರ ತೋರಿಸಿ ಹೇಳುತ್ತಾರೆ. ಜಾತ್ರೆಯ ಮೈಕಿನ ಸದ್ದಿಗೆ ಮಗು ಕಿವಿ ಮುಚ್ಚಿದರೆ ನೋಡುವವರು ಹಟ ಅಂತಾರೆ. ಅಂಥ ಸದ್ದನ್ನು ಆಟಿಸಂ ಇರುವ ಹಲವರು ನೋವೆಂದೇ ವಿವರಿಸಿದ್ದಾರೆ. ತಮಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 4ನೇ ಕಲಮು ಈ ಮಕ್ಕಳಿಗೆ ಕೊಟ್ಟಿದೆ.

ಅವರನ್ನೇ ಕೇಳುವಾಗ ಒಮ್ಮೆಗೆ ಒಂದೇ ಪ್ರಶ್ನೆ ಕೇಳಿ, ಆಮೇಲೆ 10 ಸೆಕೆಂಡಾದರೂ ಸುಮ್ಮನಿರಿ. ನಡುವೆ ಮಾತು ಬದಲಿಸಿದರೆ ಅವರು ಮೊದಲಿಂದ ಯೋಚಿಸಬೇಕಾಗುತ್ತದೆ. ‘ಹೌದು’, ‘ಇಲ್ಲ’ ಜೊತೆ ‘ಗೊತ್ತಿಲ್ಲ’, ‘ಈಗ ಬೇಡ’ ಎಂದು ತೋರಿಸಿ ಹೇಳುವ ಕಾರ್ಡೂ ಇರಲಿ. ಆದರೆ ಬೇರೆಯವರು ಕೈ ಹಿಡಿದು ಟೈಪ್ ಮಾಡಿಸಿದ್ದನ್ನು ಅವರ ಹೇಳಿಕೆ ಎನ್ನಬೇಡಿ. ಅಲ್ಲಿ ಅಕ್ಷರ ಆರಿಸುವುದು ಕೈ ಹಿಡಿದವರೇ ಎಂದು ಪರೀಕ್ಷೆಗಳಲ್ಲಿ ಕಂಡಿದೆ.