ವಿದ್ಯುತ್ತು ಕೊಟ್ಟರೂ ಆ್ಯಪ್ ಕೊಡದು

ವಿದ್ಯುತ್ ಕಾರು ಕೊಂಡ ಮೊದಲ ತಿಂಗಳಲ್ಲೇ ನನಗೆ ಅರಿವಾದ ಸತ್ಯವೆಂದರೆ, ಬರ ಇರುವುದು ವಿದ್ಯುತ್ತಿಗಲ್ಲ, ಅಪ್ಪಣೆಗೆ.

ನೆಲಮಾಳಿಗೆಯ ನನ್ನ ಜಾಗದಲ್ಲಿ ಒಂದು ಚಾರ್ಜಿಂಗ್ ಪಾಯಿಂಟ್ ಹಾಕಿಸಿಕೊಳ್ಳುತ್ತೇನೆ, ಮೀಟರೂ ನನ್ನದೇ, ಖರ್ಚೂ ನನ್ನದೇ ಎಂದು ನಿವಾಸಿಗಳ ಸಂಘಕ್ಕೆ ಅರ್ಜಿ ಕೊಟ್ಟೆ. ಸಭೆ ಸೇರಿತು. ಮೊದಲ ಆಕ್ಷೇಪ ಬೆಂಕಿಯದು. ಎತ್ತಿದವರು ಹಿರಿಯರು, ಅವರ ಕಾರು ಅದೇ ನೆಲಮಾಳಿಗೆಯಲ್ಲಿ 40 ಲೀಟರ್ ಪೆಟ್ರೋಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಖನಿದ್ರೆಯಲ್ಲಿತ್ತು. ಎರಡನೆಯ ಆಕ್ಷೇಪ, ಕಟ್ಟಡದ ವಿದ್ಯುತ್ ಸಂಪರ್ಕಕ್ಕೆ ಭಾರವಾದೀತು ಎಂಬುದು. ಗೋಡೆಯ ಸಾಮಾನ್ಯ ಸಾಕೆಟ್ 230 ವೋಲ್ಟಿನಲ್ಲಿ 10 ಆಂಪಿಯರ್ ಕೊಟ್ಟರೆ 2.3 ಕಿಲೋವ್ಯಾಟ್, ಹೆಚ್ಚುಕಡಿಮೆ ಒಂದು ಗೀಸರಿನಷ್ಟು. ಗೀಸರಿಗಾಗಿ ಇದುವರೆಗೆ ಯಾರೂ ಸಭೆ ಕರೆದಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಗೀಸರ್ ಅರ್ಧ ಗಂಟೆಗೆ ಸುಮ್ಮನಾಗುತ್ತದೆ, ಕಾರು ರಾತ್ರಿಯಿಡೀ ಎಳೆಯುತ್ತದೆ. ಅದಕ್ಕೆ ಪ್ರತ್ಯೇಕ ವೈರು, ಪ್ರತ್ಯೇಕ ಬ್ರೇಕರ್, ಸರಿಯಾದ ಅರ್ತಿಂಗ್ ಬೇಕು. ಈ ಮಾತನ್ನು ಹೇಳಬೇಕಾದವನು ಎಲೆಕ್ಟ್ರಿಷಿಯನ್. ಸಭೆಗೆ ಅವನೊಬ್ಬನನ್ನು ಬಿಟ್ಟು ಎಲ್ಲರನ್ನೂ ಕರೆದಿದ್ದರು.

ಕೊನೆಗೆ ಒಂದು ಉಪಸಮಿತಿಯಾಯಿತು. ಅದು ವರದಿ ಕೊಡುವವರೆಗೆ ಮೂರನೆಯ ಮಹಡಿಯ ನನ್ನ ಕಿಟಕಿಯಿಂದ ಹನುಮಂತನ ಬಾಲದಂಥ ಎಕ್ಸ್‌ಟೆನ್ಷನ್ ವೈರೊಂದು ಕೆಳಗಿಳಿದು, ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಒಣಗಿ ಕಾರನ್ನು ಮುಟ್ಟುತ್ತದೆ. ಅದನ್ನು ಯಾರೂ ಪ್ರಶ್ನಿಸಿಲ್ಲ. ಅಪ್ಪಣೆ ಬೇಕಾಗಿರುವುದು ಸುರಕ್ಷಿತ ವೈರಿಗೆ ಮಾತ್ರ.

ಸಾರ್ವಜನಿಕ ಚಾರ್ಜಿಂಗ್ ಕೇಂದ್ರಕ್ಕೆ ಹೋದರೆ ಅಲ್ಲಿ ಸಭೆ ಇಲ್ಲ, ಆ್ಯಪ್ ಇದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಟ್ಟಿದವರು ಈ ಚಾರ್ಜಿಂಗ್ ಕಂಬದ ಮುಂದೆ ಒಮ್ಮೆ ನಿಂತಿದ್ದರೇನೋ ಎಂಬ ಅನುಮಾನ ನನಗಿದೆ. ಪೆಟ್ರೋಲ್ ಪಂಪಿನವನು ನನ್ನಿಂದ ಹಣವನ್ನಷ್ಟೇ ಕೇಳುತ್ತಿದ್ದ. ಕಂಬಕ್ಕೆ ನನ್ನ ಹೆಸರು, ಮೊಬೈಲ್ ಸಂಖ್ಯೆ, ಇಮೇಲ್, ಹುಟ್ಟಿದ ದಿನಾಂಕ ಎಲ್ಲವೂ ಬೇಕು. ಮುಂಗಡವಾಗಿ ವ್ಯಾಲೆಟ್ಟಿಗೆ ಹಣವನ್ನೂ ತುಂಬಬೇಕು. ಮುಂದಿನ ಕಂಬ ಬೇರೆ ಕಂಪನಿಯದು, ಅದರ ಆ್ಯಪ್ ಬೇರೆ, ವ್ಯಾಲೆಟ್ ಬೇರೆ. ಹೀಗೆ ಆರು ವ್ಯಾಲೆಟ್ಟುಗಳಲ್ಲಿ ನನ್ನ ಚಿಲ್ಲರೆ ಹಣ ಅಜ್ಞಾತವಾಸದಲ್ಲಿದೆ. ಇದು ನನ್ನೊಬ್ಬನ ಗೋಳಲ್ಲ. ಹೊಸದಾಗಿ ನೆಡುವ 50 ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಕಂಬಗಳು ಬ್ಯಾಂಕ್ ಕಾರ್ಡಿನಂಥ ಸಾಮಾನ್ಯ ವಿಧಾನದಲ್ಲಿ ಹಣ ಪಡೆಯಲೇಬೇಕು ಎಂದು ಐರೋಪ್ಯ ಒಕ್ಕೂಟ ಕಾನೂನನ್ನೇ ಮಾಡಬೇಕಾಯಿತು. ಅದು ಜಾರಿಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ. ಹಣ ಕೊಡಲು ಬಂದವನಿಂದ ಹಣ ತೆಗೆದುಕೊಳ್ಳಿ ಎಂದು ವ್ಯಾಪಾರಿಗೆ ಕಾನೂನು ಹೇಳಬೇಕಾದ ಸಂದರ್ಭ ಬೇರೆ ಯಾವ ದಂಧೆಯಲ್ಲಿ ಬಂದಿದೆಯೋ ನಾ ಕಾಣೆ. ಬ್ರಿಟನ್ನಿನಲ್ಲಂತೂ, ಕಂಬಗಳು ಕೆಟ್ಟು ನಿಲ್ಲಬಾರದೆಂದು, ವೇಗದ ಚಾರ್ಜರ್ ಜಾಲಗಳು ವರ್ಷದಲ್ಲಿ ಸರಾಸರಿ 99% ಹೊತ್ತು ಕೆಲಸ ಮಾಡಬೇಕೆಂದೇ ನಿಯಮವಿದೆ.

ಆ್ಯಪ್ ಒಲಿಯಿತೆನ್ನಿ. ಮುಂದಿನ ಪರೀಕ್ಷೆ ಪ್ಲಗ್ಗಿನದು. ಟೈಪ್ 2, ಸಿಸಿಎಸ್, ಚಾಡೆಮೊ, ಚೀನಾದ್ದೊಂದು, ಅಮೆರಿಕದ್ದೊಂದು. ಇವುಗಳಲ್ಲಿ ನನಗೆ ಪ್ರೀತಿ ಜಪಾನಿನ ಚಾಡೆಮೊ ಮೇಲೆ. ಆ ಹೆಸರು, ‘ಒಂದು ಚಹಾ ಕುಡಿಯೋಣವೇ’ ಎಂಬರ್ಥದ ಜಪಾನಿ ಮಾತಿನ ಮೇಲಿನ ಶ್ಲೇಷೆ. ಕಾಯಬೇಕಾದೀತು ಎಂದು ಹೆಸರಿನಲ್ಲೇ ಒಪ್ಪಿಕೊಂಡ ಪ್ರಾಮಾಣಿಕ ಪ್ಲಗ್ ಅದೊಂದೇ. ಉಳಿದವು ಫಲಕದಲ್ಲಿ ದೊಡ್ಡ ಅಂಕಿ ಬರೆದುಕೊಂಡು ನಿಂತಿರುತ್ತವೆ. 22 ಕಿಲೋವ್ಯಾಟ್ ಎಂದು ಬರೆದ ಎಸಿ ಕಂಬಕ್ಕೆ ಖುಷಿಯಿಂದ ಕಾರು ಕಟ್ಟಿದೆ, ಏರಿದ್ದು 7.4. ಎಸಿಯನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಯಂತ್ರ ಕಾರಿನೊಳಗೇ ಇರುತ್ತದೆ, ನನ್ನ ಕಾರಿನದಕ್ಕೆ ಅಷ್ಟೇ ಗಂಟಲು. ಜಲಪಾತದ ಕೆಳಗೆ ತಂಬಿಗೆ ಹಿಡಿದವನ ಕಥೆ.

ಇಷ್ಟಾದರೂ ಕಂಬದ ಬಳಿ ಜಾಗ ಖಾಲಿ ಇರಬೇಕಲ್ಲ. ನೆಲದ ಮೇಲೆ ಹಸಿರು ಬಣ್ಣ ಬಳಿದು, ಪ್ಲಗ್ಗಿನ ಚಿತ್ರ ಬರೆದ ಜಾಗದಲ್ಲಿ ಡೀಸೆಲ್ ವಾಹನವೊಂದು ನೆರಳು ಕಾಯುತ್ತ ನಿಂತಿರುತ್ತದೆ. ಪಕ್ಕದ ಜಾಗದಲ್ಲಿರುವವರು ನಮ್ಮವರೇ, ಅದು ಇನ್ನೂ ಕಷ್ಟ. ಸುಮಾರು 80% ದಾಟಿದ ಮೇಲೆ ಬ್ಯಾಟರಿ ತನ್ನ ಆರೋಗ್ಯಕ್ಕಾಗಿ ವೇಗ ಇಳಿಸುತ್ತದೆ, ಕೊನೆಯ 20ಕ್ಕೆ ಮೊದಲ 80ರಷ್ಟೇ ಹೊತ್ತು ಹಿಡಿದರೂ ಹಿಡಿಯಿತು. ಆ ಮಹಾನುಭಾವರಿಗೆ 100 ಆಗಲೇಬೇಕು. ಮೊನ್ನೆ 97ರಲ್ಲಿದ್ದವರ ಕಿಟಕಿ ತಟ್ಟಿ, ಎಷ್ಟು ದೂರದ ಪ್ರಯಾಣ ಎಂದು ಕೇಳಿದೆ. ‘ಮನೆ ಇಲ್ಲೇ ಹಿಂದಿನ ಬೀದಿ’ ಎಂದರು. ಅವರ ಉಪಸಮಿತಿಯೂ ವರದಿ ಕೊಟ್ಟಿಲ್ಲವಂತೆ.

ಅವರು ಹೋದ ಮೇಲೆ ಕೇಬಲ್ ಚುಚ್ಚಿದೆ. ಆ್ಯಪ್ ತನ್ನನ್ನು ಅಪ್‌ಡೇಟ್ ಮಾಡು ಎಂದಿತು. ಮೊಬೈಲಿನಲ್ಲಿ ಉಳಿದದ್ದು 2%, ಕಾರಿನಲ್ಲಿ 6%. ವಿಧಿಯಿಲ್ಲದೆ ಮೊಬೈಲನ್ನೇ ಕಾರಿಗೆ ಸಿಕ್ಕಿಸಿದೆ. ಕಾರು ನನ್ನ ಹೆಸರನ್ನೂ ಕೇಳದೆ ಕೊಡತೊಡಗಿತು.