ಹಗ್ಗ ಎಳೆದರೆ ಊರಿನ ವಾಸನೆ

ಅಮೆರಿಕದ ಮಿನ್ನೆಸೋಟಕ್ಕೆ ಬಂದ ಮೊದಲ ಜನವರಿ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಗಿಲು ತೆಗೆದರೆ ಮೂಗಿಗೆ ಬಡಿದದ್ದು ಊರಿನ ವಾಸನೆ! ಅಣ್ಣ ತನ್ನ ಯಮಹಾ ಆರ್‌ಎಕ್ಸ್ 100 ಬೈಕ್ ಸ್ಟಾರ್ಟ್ ಮಾಡಿದಾಗ ಅಂಗಳ ತುಂಬುತ್ತಿತ್ತಲ್ಲ, ಪೆಟ್ರೋಲಿನ ಜೊತೆ ಉರಿಯುವ ಅದೇ 2ಟಿ ಆಯಿಲ್ ಹೊಗೆ. ಪಕ್ಕದ ಮನೆಯ ತಾತ ಗ್ಯಾರೇಜಿನ ಮುಂದೆ ಬಗ್ಗಿಕೊಂಡು, ಹೊತ್ತಿ ಆರಿಹೋದ ಸ್ನೋಮೊಬೈಲಿನ, ಅಂದರೆ ಹಿಮದ ಗಾಡಿಯ, ಸ್ಟಾರ್ಟ್ ಮಾಡುವ ಹಗ್ಗವನ್ನು ಮತ್ತೆ ಮತ್ತೆ ಎಳೆಯುತ್ತಿದ್ದರು. ಮುಂದೆ ಹಿಮದ ಮೇಲೆ ಜಾರುವ ಎರಡು ಸ್ಕೀ, ಕೆಳಗೆ ಚಕ್ರದ ಬದಲು ಸುತ್ತುವ ರಬ್ಬರ್ ಪಟ್ಟೆ, ಮೈಮೇಲೆ ಯಮಹಾ ಅನ್ನುವ ಹೆಸರು. ಪರದೇಶದಲ್ಲಿ ನೆಂಟರು ಸಿಕ್ಕ ಹಾಗಾಯಿತು.

ಅದು ಎಸ್‌ಆರ್‌ಎಕ್ಸ್ 700. 1998ರಿಂದ 2002ರ ತನಕ ಬಂದ ಮಾಡೆಲ್. ಅಣ್ಣನ ಬೈಕಿನ ಹಾಗೇ ಟು-ಸ್ಟ್ರೋಕ್ ಇಂಜಿನ್, ಮೂರು ಸಿಲಿಂಡರ್, ಮೂರಕ್ಕೂ ಹೊಗೆ ಹೋಗೋಕೆ ಬೇರೆ ಬೇರೆ ಪೈಪು. ಹೆಪ್ಪುಗಟ್ಟಿದ ಕೆರೆಯ ಮೇಲೆ ಬಿಟ್ಟರೆ ಗಂಟೆಗೆ ನೂರು ಮೈಲಿ ದಾಟುತ್ತದೆ. 2003ಕ್ಕೆ ಅದೇ ಕಂಪನಿ, ಆ ಆಯಿಲ್ ಹೊಗೆ ಇಲ್ಲದ ಫೋರ್-ಸ್ಟ್ರೋಕಿನ ಆರ್‌ಎಕ್ಸ್-1 ತಂದಿತು. ಒಳ್ಳೆಯ ಗಾಡಿಯೇ. ಆದರೆ ತಾತನ ಮುಂದೆ ಅದನ್ನು ಹೊಗಳುವ ಹಾಗಿಲ್ಲ.

ತಾತನ ಗಾಡಿಗೆ ಗೇರು ಇಲ್ಲ. ನಮ್ಮ ಸ್ಕೂಟರಿನ ಹಾಗೆ ಬೆಲ್ಟು. ಅದು ದಾರಿಯಲ್ಲಿ ಕಿತ್ತುಹೋಗಬಹುದು ಅಂತ ಇನ್ನೊಂದು ಬೆಲ್ಟು ಜೊತೆಗೇ ಇರಬೇಕು. ತಂಪು ಮಾಡುವ ಏರ್ಪಾಡಂತೂ ಇನ್ನೂ ಮಜಾ. ಪಟ್ಟೆ ಓಡುತ್ತಾ ಎರಚುವ ಹಿಮ ಸೀಟಿನಡಿಯ ಕೊಳವೆಗಳಿಗೆ ಬಡಿದರೇನೇ ಇಂಜಿನ್ ತಣ್ಣಗಿರುತ್ತದೆ. ಗಾಜಿನಂಥ ಬರೀ ಐಸ್ ಮೇಲೆ ಓಡಿಸಿದರೆ, ಹೊರಗೆ ಮೈನಸ್ ಇಪ್ಪತ್ತಿದ್ದರೂ ಗಾಡಿಗೆ ಜ್ವರ! ಅದಕ್ಕೇ ಪಕ್ಕದಲ್ಲಿ ಎರಡು ಸ್ಪ್ರಿಂಗ್ ಕಡ್ಡಿ ಇಳಿಬಿಟ್ಟು, ಐಸ್ ಕೆರೆದು ಪುಡಿ ಎಬ್ಬಿಸುತ್ತಾ ಹೋಗುತ್ತಾರೆ. ಇಷ್ಟೆಲ್ಲ ಮುದ್ದು ಮಾಡಿಸಿಕೊಳ್ಳುವ ಗಾಡಿಯನ್ನು ಯಾರಾದರೂ ಬಿಟ್ಟುಕೊಡ್ತಾರಾ? ಬಟನ್ ಒತ್ತಿದರೆ ಹೊರಡುವ ಗಾಡಿಯ ಹತ್ತಿರ ಮಾತಾಡೋಕೆ ಏನಿರುತ್ತೆ ಹೇಳಿ. ತಾತ ಇದರ ಜೊತೆ ಜಗಳವನ್ನೂ ಆಡುತ್ತಾರೆ.

1968ರಿಂದ ಹಿಮದ ಗಾಡಿ ಮಾಡುತ್ತಿದ್ದ ಯಮಹಾ, ಆ ವ್ಯಾಪಾರವನ್ನೇ ಬಿಡುವುದಾಗಿ 2023ರಲ್ಲಿ ಹೇಳಿತು. ಅವತ್ತಿಂದ ತಾತ ಗ್ಯಾರೇಜಿಗೆ ಎರಡನೇ ಬೀಗ ಹಾಕಿದ್ದಾರೆ.

ಒಂದು ದಿನ ಹಗ್ಗ ನನ್ನ ಕೈಗೆ ಕೊಟ್ಟರು. ಮೂರು ಸಲ ಎಳೆದೆ, ಭುಜ ನೋವು ಬಂತೇ ಹೊರತು ಬೇರೇನೂ ಆಗಲಿಲ್ಲ. ಚೋಕ್ ಅರ್ಧ ಇಳಿಸಿ ನಾಲ್ಕನೇ ಸಲ ಎಳೆದೆ. ಹಿಡಿದುಕೊಂಡಿತು! ಮೂರೂ ಪೈಪು ಒಟ್ಟಿಗೆ ಕೂಗಿದವು. ಕೂಡಲೇ ಅಣ್ಣನಿಗೆ ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ರಾತ್ರಿ. ಅವನು ಕಣ್ಣು ಮುಚ್ಚಿಕೊಂಡು ಸದ್ದು ಕೇಳಿದ. ಆಮೇಲೆ ಒಂದೇ ಪ್ರಶ್ನೆ: "ಎಷ್ಟು ಕೊಡುತ್ತೋ?"

"ಲೀಟರಿಗೆ ನಾಲ್ಕೋ ಐದೋ."

"ಅಯ್ಯೋ, ಸುಮ್ನೆ ಮಾರಿಬಿಡೋಕೆ ಹೇಳು ಅವರಿಗೆ."

ಅವನ ಬೆನ್ನ ಹಿಂದೆ, ಟಾರ್ಪಾಲು ಹೊದ್ದುಕೊಂಡ ಆರ್‌ಎಕ್ಸ್ 100ರ ಹ್ಯಾಂಡಲ್ ಕಾಣುತ್ತಿತ್ತು.