ತ್ರಿಶಂಕು ಗದಗಿನಿಂದಲೂ ಕಾಣುತ್ತಾನೆ

ಸಿಡ್ನಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಏಳು ವರ್ಷದ ಹುಡುಗಿ ನನಗೆ ದಿಕ್ಕು ಹುಡುಕುವುದನ್ನು ಕಲಿಸಿದಳು. ಶಿಲುಬೆಯಂತೆ ನಿಂತ ನಾಲ್ಕು ನಕ್ಷತ್ರ. ಅದರ ಉದ್ದನೆಯ ಗೆರೆಯನ್ನು ಬುಡದ ಕಡೆ ನಾಲ್ಕೂವರೆ ಪಟ್ಟು ಚಾಚಿ, ಅಲ್ಲಿಂದ ನೇರ ನೆಲಕ್ಕೆ ಇಳಿದರೆ ದಕ್ಷಿಣ. ಬುಡದಲ್ಲಿ ಎಲ್ಲಕ್ಕಿಂತ ಹೊಳೆಯುವುದು ಆಕ್ರಕ್ಸ್. ಸುಮಾರು 320 ಜ್ಯೋತಿರ್ವರ್ಷ ದೂರ. ಬರಿಗಣ್ಣಿಗೆ ಒಂದೇ ಚುಕ್ಕಿ, ದೂರದರ್ಶಕದಲ್ಲಿ ಎರಡಾಗಿ ಒಡೆಯುತ್ತದೆ. ಆಕಾಶದ 88 ನಕ್ಷತ್ರಪುಂಜಗಳಲ್ಲಿ ಸದರ್ನ್ ಕ್ರಾಸ್ ಎಂಬ ಈ ಶಿಲುಬೆಯೇ ತೀರಾ ಚಿಕ್ಕದು. ಆದರೂ ಇಲ್ಲಿಯವರು ಅದನ್ನು ಬಾವುಟದ ಮೇಲೆ ಇಟ್ಟುಕೊಂಡಿದ್ದಾರೆ. ಇಲ್ಲಿನ ಮೂಲನಿವಾಸಿಗಳಿಗಂತೂ ಆಕ್ರಕ್ಸ್ ಪಕ್ಕದ ಕತ್ತಲ ಮಚ್ಚೆ ಆಕಾಶದ ಎಮು ಹಕ್ಕಿಯ ತಲೆ.

ಈ ಪುಂಜವೇ ನಮ್ಮ ತ್ರಿಶಂಕು ಎಂದು ತಿಳಿದ ದಿನ ನನಗೆ ಸಂಕಟವಾಯಿತು. ಗದಗಿನಲ್ಲಿ ಬೆಳೆದ ನಾನು ತ್ರಿಶಂಕುವನ್ನು ಮಾತಿನಲ್ಲಷ್ಟೇ ಕೇಳಿದ್ದೆ. ವರ್ಗಾವಣೆ ಅರ್ಧಕ್ಕೆ ನಿಂತವನಿಗೆ "ತ್ರಿಶಂಕು ಆಗ್ಯಾನ ನೋಡ್ರಿ" ಅನ್ನುತ್ತಿದ್ದರು. ಮಾತು ಉಳಿಸಿಕೊಂಡೆವು, ಚುಕ್ಕಿ ಬಿಟ್ಟೆವು. ಇದು ದೊಡ್ಡ ನಷ್ಟವೆಂದೇ ನನ್ನ ಭಾವನೆ.

ಹೋದ ಸಲ ಮೇ ಮೊದಲ ವಾರ ಊರಲ್ಲಿದ್ದೆ. ರಾತ್ರಿ ಹತ್ತೂವರೆಗೆ ಮಾಳಿಗೆ ಹತ್ತಿ ದಕ್ಷಿಣಕ್ಕೆ ಕೈ ಚಾಚಿದೆ. ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ, ಧೂಳಿನ ಮಬ್ಬಿನಲ್ಲಿ, ಆಕ್ರಕ್ಸ್ ಇತ್ತು. "ಅವ್ವಾ, ಬಾ ಇಲ್ಲೆ" ಎಂದು ಕರೆದೆ. ಬಹಳ ಹೊತ್ತು ನೋಡಿದಳು.

"ಇದನ್ನ ಹೊಲದಾಗ ಎಷ್ಟು ಸಲ ನೋಡೇನಿ. ಹೆಸರು ಯಾರೂ ಹೇಳಿರಲಿಲ್ಲಪಾ."

ಆಕೆಗೆ ವಿಶ್ವಾಮಿತ್ರನ ಕಥೆ ಪೂರ್ತಿ ಗೊತ್ತು. ಸಶರೀರ ಸ್ವರ್ಗಕ್ಕೆ ಹೋದವನನ್ನು ಇಂದ್ರ ತಳ್ಳಿದ್ದು, ಋಷಿ ನಡುವೆಯೇ ತಡೆದು ನಿಲ್ಲಿಸಿದ್ದು, ಎಲ್ಲ. ಕಥೆ ಒಂದು ಕಡೆ, ಚುಕ್ಕಿ ಒಂದು ಕಡೆ, ಎರಡನ್ನೂ ಕೂಡಿಸುವ ಒಬ್ಬರು ಸಿಗಲಿಲ್ಲ ಅಷ್ಟೇ. ಸಿಡ್ನಿಯಲ್ಲಿ ಆ ಕೆಲಸ ಮಾಡುವವರು ಮನೆಮನೆಯಲ್ಲಿದ್ದಾರೆ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದಾಗ ಹುಬ್ಬಳ್ಳಿ, ಗದಗ, ಹಾವೇರಿಯ ಅಜ್ಜಂದಿರೂ ಮಾಡಬಹುದು. ಪೇಟೆಯ ದೀಪದಿಂದ ಒಂದಿಷ್ಟು ದೂರ, ದಕ್ಷಿಣಕ್ಕೆ ಮರ-ಕಟ್ಟಡ ಅಡ್ಡವಿಲ್ಲದ ಹೊಲವಿದ್ದರೆ ಸಾಕು.

ಇನ್ನೊಂದು ಮಾತು. ಸಿಡ್ನಿಯಲ್ಲಿ ಈ ಪುಂಜ ಮುಳುಗುವುದೇ ಇಲ್ಲ. ನವೆಂಬರ್ ಮೊದಲ ವಾರದ ರಾತ್ರಿಗಳಲ್ಲಿ ಆಕಾಶದ ದಕ್ಷಿಣ ಧ್ರುವದ, ಅಂದರೆ ಆ ಗೆರೆ ಚಾಚಿದಾಗ ಸಿಗುವ ಬಿಂದುವಿನ, ಕೆಳಗೆ ಸುತ್ತಿ ಬಂದಾಗ ಆಕ್ರಕ್ಸ್ ಮೇಲಿರುತ್ತದೆ. ಆಕ್ರಕ್ಸ್ ಅನ್ನು ರಾಜನ ತಲೆ ಎಂದುಕೊಂಡರೆ ಅಲ್ಲಿ ಅವನು ಎದ್ದು ನಿಲ್ಲುತ್ತಾನೆ. ನಮ್ಮ ಗದಗಿನ ಆಕಾಶದಲ್ಲಿ ಆಕ್ರಕ್ಸ್ ಯಾವಾಗಲೂ ಕೆಳಗೇ. ಕಥೆ ಹೇಳಿದಂತೆ, ತಲೆಕೆಳಗಾಗಿ.